ಅರ್ಧ ಇಂಚಿನ ಅಪರಾಧಿ

ಅಮೆರಿಕದಲ್ಲಿ 16 ಇಂಚು ನಳಿಗೆಯ ರೈಫಲ್ ಇಟ್ಟುಕೊಂಡವನು ಮರ್ಯಾದಸ್ಥ. ಅದೇ ನಳಿಗೆ ಹದಿನೈದೂವರೆ ಇಂಚಿದ್ದು, ಅದನ್ನು ಸರ್ಕಾರದ ದಫ್ತರದಲ್ಲಿ ಬರೆಸಿಲ್ಲವೆಂದರೆ ಹತ್ತು ವರ್ಷದವರೆಗೂ ಜೈಲು. ಕೋವಿಯ ವಿಷಯದಲ್ಲಿ ಧಾರಾಳಿಯೆಂದು ಹೆಸರಾದ ಟೆಕ್ಸಾಸನ್ನೂ ಈ ಫೆಡರಲ್ ಕಾನೂನು ಬಿಟ್ಟಿಲ್ಲ. ಇಲ್ಲಿನ ಕೋವಿ ಮಂದಿಯಲ್ಲಿ ಹಾಗಾಗಿ ಎರಡು ಪಂಗಡ: ಮೋಟು ನಳಿಗೆಯನ್ನು ನೋಂದಾಯಿಸುವವರು, ನೋಂದಣಿಯ ಗೋಜೇ ಬೇಡವೆಂದು ಬೇರೆ ದಾರಿ ಹಿಡಿಯುವವರು. ಎರಡೂ ಪಂಗಡಕ್ಕೆ ಸೇರಿ ಎರಡರಲ್ಲೂ ನಗೆಪಾಟಲಾದ ತೀರ್ಥಹಳ್ಳಿ ಕಡೆಯವನು ನಾನೊಬ್ಬನೇ ಇರಬೇಕು.

ನನಗೆ ಹತ್ತಿದ್ದು ಹಂದಿಬೇಟೆಯ ಹುಚ್ಚು. ಟೆಕ್ಸಾಸಿನ ಕಾಡುಹಂದಿಯೂ ನಮ್ಮೂರಿನದರಷ್ಟೇ ಶ್ರದ್ಧೆಯಿಂದ ಹೊಲ ಅಗೆಯುತ್ತದೆ. 2019ರಿಂದ ಇಲ್ಲಿ ಜಮೀನಿನ ಯಜಮಾನ ಒಪ್ಪಿದರೆ ಸಾಕು, ಹಂದಿ ಹೊಡೆಯಲು ಬೇಟೆಯ ಲೈಸೆನ್ಸೂ ಬೇಡ. ಪೌರತ್ವ ಸಿಕ್ಕ ಮೇಲೆ ನಾನು ಕೊಂಡ ಮೊದಲ ದೊಡ್ಡ ವಸ್ತು 16 ಇಂಚಿನ ರೈಫಲ್. ಆಫೀಸಿನ ಗೆಳೆಯನೊಬ್ಬ, ಹುಟ್ಟಾ ಟೆಕ್ಸಾಸಿನವನು, ತನ್ನ ಅಟ್ಟಣೆಗೆ ಕರೆದುಕೊಂಡು ಹೋದ. ಕಿವಿಗೆ ಒಳ್ಳೆಯದೆಂದು ತನ್ನ ಸೈಲೆನ್ಸರನ್ನು ನನ್ನ ರೈಫಲ್ಲಿನ ತುದಿಗೆ ತಿರುಗಿಸಿ ಹಾಕಿಕೊಟ್ಟ. ಕೋವಿ ಇನ್ನೊಂದು ಗೇಣು ಉದ್ದವಾಯಿತು. ಹಂದಿಗಳು ಬಂದವು. ನಾನು ಕೋವಿ ತಿರುಗಿಸಿದೆ. ನಳಿಗೆ ಕಿಟಕಿಯ ಚೌಕಟ್ಟಿಗೆ ಬಡಿಯಿತು, ಹಿಡಿ ಹಿಂದಿನ ಗೋಡೆಗೆ ಬಡಿಯಿತು, ನಡುವೆ ಸಿಕ್ಕಿಕೊಂಡದ್ದು ನನ್ನ ಗಲ್ಲ. ಹಂದಿಗಳು ಅವಸರವಿಲ್ಲದೆ ಹೊರಟುಹೋದವು.

ಗೆಳೆಯ ತನ್ನದನ್ನು ತೋರಿಸಿದ. ನೋಡಲು ನನ್ನ ರೈಫಲ್ಲಿನ ತಮ್ಮ. ನಳಿಗೆ ಹತ್ತೂವರೆ ಇಂಚು. "ಇದು ಪಿಸ್ತೂಲು" ಅಂದ. ಎರಡು ಕೈಯಲ್ಲಿ ಎತ್ತಬೇಕಾದ ಪಿಸ್ತೂಲನ್ನು ನಾನು ಕಂಡಿರಲಿಲ್ಲ. ಹೆಗಲಿಗೆ ಒತ್ತುವ ಹಿಡಿಯ ಜಾಗದಲ್ಲಿ ಅದಕ್ಕೆ ಮುಂಗೈಗೆ ಕಟ್ಟಿಕೊಳ್ಳುವ ಪಟ್ಟಿಯಿತ್ತು. ಬ್ರೇಸ್ ಅನ್ನುತ್ತಾರೆ. ಅದಿದ್ದರೆ ಪಿಸ್ತೂಲು, ಅದನ್ನು ಕಿತ್ತು ಹಿಡಿ ಹಾಕಿದರೆ ನೋಂದಾಯಿಸಲೇಬೇಕಾದ ಮೋಟು ರೈಫಲ್. ತೋಟಾ ಅದೇ, ಸದ್ದು ಅದೇ, ಹಂದಿಗೆ ಆಗುವ ಗತಿಯೂ ಅದೇ.

ಇದರ ಬೇರು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟಿನಲ್ಲಿದೆ. ಪಾನನಿಷೇಧದ ಕಾಲದ ಗ್ಯಾಂಗುಗಳ ಗುಂಡಿನ ಕಾಳಗ ನೋಡಿ ರೂಸ್ವೆಲ್ಟ್ ಸರ್ಕಾರ ಮಷಿನ್‌ಗನ್ನಿನ ಜೊತೆ ಪಿಸ್ತೂಲಿನ ಮೇಲೂ ತೆರಿಗೆ ಹಾಕಹೊರಟಿತು. ಪಿಸ್ತೂಲಿಗೆ ತೆರಿಗೆಯಾದರೆ ಜನ ರೈಫಲ್ ಕತ್ತರಿಸಿ ಕೋಟಿನೊಳಗೆ ಇಟ್ಟುಕೊಂಡಾರು ಎಂದು ಮೋಟು ನಳಿಗೆಯನ್ನೂ ಮಸೂದೆಗೆ ಸೇರಿಸಿದರು. ಆಮೇಲೆ ವಿರೋಧ ಬಂತು, ಪಿಸ್ತೂಲನ್ನು ಮಸೂದೆಯಿಂದ ಕೈಬಿಟ್ಟರು, ಮೋಟು ನಳಿಗೆ ಮಾತ್ರ ಅಲ್ಲೇ ಉಳಿಯಿತು. ಮದುಮಗನಿಲ್ಲದೆ ದಿಬ್ಬಣವಷ್ಟೇ ಛತ್ರಕ್ಕೆ ಬಂದು ತೊಂಬತ್ತು ವರ್ಷದಿಂದ ಊಟಕ್ಕೆ ಕೂತ ಹಾಗೆ. ಆಗ ಹಾಕಿದ ತೆರಿಗೆ 200 ಡಾಲರ್. 1934ರಲ್ಲಿ ಅದು ಕೊಳ್ಳುವ ಆಸೆಯನ್ನೇ ಸಾಯಿಸುವ ಮೊತ್ತ. ಮೊದಲು 18 ಇಂಚಿದ್ದ ರೈಫಲ್ಲಿನ ಗಡಿ 1960ರಲ್ಲಿ 16ಕ್ಕೆ ಇಳಿಯಿತು.

ಇಷ್ಟು ಜ್ಞಾನ ಸಂಪಾದಿಸಿಕೊಂಡು ಮನೆಗೆ ಬಂದವನಿಗೆ ರಾತ್ರಿ ಒಂದು ಅನುಮಾನ ಹೊಕ್ಕಿತು. ನನ್ನದು ನಿಜವಾಗಿ 16 ಇಂಚಿದೆಯೇ? ಹೆಂಡತಿಯ ಹೊಲಿಗೆ ಪೆಟ್ಟಿಗೆಯಿಂದ ಟೇಪು ಎತ್ತಿಕೊಂಡು, ಕಣ್ಣಿಗೆ ಕಾಣುವ ನಳಿಗೆಯನ್ನು ಬುಡದಿಂದ ತುದಿಯವರೆಗೆ ಅಳೆದೆ. ಹದಿನೈದು ಚಿಲ್ಲರೆ. ಮತ್ತೆ ಅಳೆದೆ. ಹದಿನೈದು ಚಿಲ್ಲರೆಯೇ. ಮೈ ಬೆವರಿತು. ಪೌರತ್ವ, ಕೆಲಸ, ಮನೆ ಸಾಲ ಎಲ್ಲ ಆ ಚಿಲ್ಲರೆಯ ಹಿಂದೆ ಸಾಲಾಗಿ ನಿಂತವು. ಗೆಳೆಯನಿಗೆ ಫೋನು ಹಚ್ಚಿದೆ. ಯಾರಾದರೂ ಕೇಳಿಸಿಕೊಂಡರೆ ಎಂದು ಸಂಕೇತದಲ್ಲೇ ಮಾತಾಡಿದೆ: "ನಮ್ಮನೆ ಪರದೆ ಮುಕ್ಕಾಲು ಇಂಚು ಗಿಡ್ಡ ಬಂದಿದೆ."

"ಅಂಗಡಿಗೆ ವಾಪಸ್ ಕೊಡು" ಎಂದು ಅವನು ಫೋನಿಟ್ಟ.

ನನ್ನವಳು ಬಾಗಿಲಲ್ಲಿ ನಿಂತಿದ್ದಳು. "ಏನ್ರೀ, ನಡುರಾತ್ರೀಲಿ ಯಾವ ಪರದೆ? ಕೈಯಲ್ಲಿ ಕೋವಿ, ಕೊರಳಲ್ಲಿ ಟೇಪು. ನಿಮ್ಮನ್ನ ನೋಡಿದ್ರೆ ಹಂದಿಗೆ ಅಂಗಿ ಹೊಲಿಸೋ ಹಾಗಿದೆ."

ಬೆಳಿಗ್ಗೆ ಗೆಳೆಯ ಬಂದು ಅರ್ಧ ಗಂಟೆ ನಕ್ಕ. ನಳಿಗೆಯನ್ನು ಹೊರಗಿನಿಂದ ಅಳೆಯುವುದಲ್ಲವಂತೆ. ಕೋವಿ ಖಾಲಿಯಿದೆಯೆಂದು ಖಾತ್ರಿ ಮಾಡಿಕೊಂಡು, ಬೋಲ್ಟ್ ಮುಚ್ಚಿ, ನಳಿಗೆಯ ಬಾಯಿಂದ ಕಡ್ಡಿ ಇಳಿಸಿ, ಅದು ಬೋಲ್ಟಿಗೆ ತಾಗಿದಾಗ ಗುರುತು ಹಾಕಿ, ಆ ಕಡ್ಡಿಯನ್ನು ಅಳೆಯಬೇಕು. ನಳಿಗೆಯ ಬುಡದ ಒಂದಿಷ್ಟು ಕೋವಿಯ ಹೊಟ್ಟೆಯೊಳಗೆ ಅಡಗಿರುತ್ತದೆ. ಕಡ್ಡಿ ಅಳೆದರೆ 16 ದಾಟಿತ್ತು. ರಾತ್ರಿಯೆಲ್ಲ ಅಪರಾಧಿಯಾಗಿದ್ದವನು ತಿಂಡಿಯ ಹೊತ್ತಿಗೆ ಖುಲಾಸೆಯಾದೆ.

ಆದರೆ ಮೋಟು ನಳಿಗೆಯ ಆಸೆ ಬಿಡಲಿಲ್ಲ. ಗುಂಡು ಅಭ್ಯಾಸ ಮಾಡುವ ಮೈದಾನದಲ್ಲಿ ಸಲಹೆ ಕೇಳಿದೆ. ತಪ್ಪಿಸಿಕೊಳ್ಳುವ ಪಂಗಡದವರು ದಾರಿಗಳ ಪಟ್ಟಿಯನ್ನೇ ಕೊಟ್ಟರು. ಬುಲ್‌ಪಪ್ ಕೊಂಡುಕೊ: ಯಂತ್ರಭಾಗವೆಲ್ಲ ಹಿಡಿಯೊಳಗಿರುವುದರಿಂದ ನಳಿಗೆ 16 ಇಂಚಿದ್ದರೂ ಕೋವಿ ಗಿಡ್ಡ. ಇಲ್ಲವೇ ಹದಿನಾಲ್ಕೂವರೆ ಇಂಚಿನ ನಳಿಗೆಗೆ ತುದಿಯ ತುಂಡೊಂದನ್ನು ಕಿತ್ತು ಬರದಂತೆ ವೆಲ್ಡ್ ಮಾಡಿಸು, ಅದೂ ಅಳತೆಗೆ ಸೇರುತ್ತದೆ. ಅದೂ ಬೇಡವಾದರೆ ಬ್ರೇಸ್ ಇದ್ದೇ ಇದೆ. ಅದನ್ನು 2012ರಲ್ಲಿ ರೂಪಿಸಿದ್ದು ಅಂಗವಿಕಲನಾದ ಮಾಜಿ ಸೈನಿಕನೊಬ್ಬ ಒಂದೇ ಕೈಯಲ್ಲಿ ಗುಂಡು ಹಾರಿಸಲಿ ಎಂದು. ಆಮೇಲೆ ಎರಡೂ ಕೈ ಗಟ್ಟಿಯಿದ್ದವರೇ ಲಕ್ಷಗಟ್ಟಲೆ ಕೊಂಡರು. 2023ರಲ್ಲಿ ಕೋವಿ ಕಾನೂನು ನೋಡಿಕೊಳ್ಳುವ ಎಟಿಎಫ್ ಇಲಾಖೆ, ಬ್ರೇಸ್ ಹಾಕಿದ ಬಹುಪಾಲು ಪಿಸ್ತೂಲುಗಳೂ ಮೋಟು ರೈಫಲ್ಲೇ ಎಂದು ನಿಯಮ ತಂದು, ಮೇ 31ರೊಳಗೆ ಪುಕ್ಕಟೆ ನೋಂದಾಯಿಸಿ ಎಂದಿತು. ಬಂದ ಅರ್ಜಿ ಎರಡೂವರೆ ಲಕ್ಷದಷ್ಟು. ಹೊರಗಿದ್ದ ಬ್ರೇಸು ಇಲಾಖೆಯದೇ ಅಂದಾಜಿನಲ್ಲಿ 30 ಲಕ್ಷ. ಉಳಿದವರು ಕೋರ್ಟಿನತ್ತ ಮುಖ ಮಾಡಿ ಕೂತರು. 2024ರಲ್ಲಿ ಟೆಕ್ಸಾಸಿನ ಫೆಡರಲ್ ಕೋರ್ಟು ಆ ನಿಯಮವನ್ನೇ ರದ್ದು ಮಾಡಿತು. "ನೋಡಿದ್ಯಾ, ಸುಮ್ಮನಿದ್ದವನೇ ಗೆದ್ದ" ಎಂದರು ಈ ಪಂಗಡದವರು.

ನೋಂದಾಯಿಸಿದವರದು ಬೇರೆಯೇ ವಾದ. ನಿಯಮ ಇವತ್ತು ಬರುತ್ತದೆ, ನಾಳೆ ಹೋಗುತ್ತದೆ, ನಾಡಿದ್ದು ಮತ್ತೆ ಬರುತ್ತದೆ. ಕೈಯಲ್ಲಿ ಒಪ್ಪಿಗೆಯ ಕಾಗದವಿದ್ದವನು ರಾತ್ರಿ ನಿದ್ದೆ ಮಾಡುತ್ತಾನೆ. ಹೊಲಿಗೆ ಟೇಪಿನ ರಾತ್ರಿ ಕಳೆದಿದ್ದ ನನಗೆ ನಿದ್ದೆಯ ಮಾತು ನಾಟಿತು. 2025ರ ವಸಂತದಲ್ಲಿ 200 ಡಾಲರ್ ಕಟ್ಟಿ ಅರ್ಜಿ ಹಾಕಿದೆ.

ಬರೀ ನನ್ನ ಹೆಸರಿನಲ್ಲಿ ಮಾಡಿಸಿದರೆ, ನಾನಿಲ್ಲದಾಗ ಕಪಾಟಿನ ಕೀಲಿ ಹೆಂಡತಿಯ ಕೈಯಲ್ಲಿರುವುದೂ ತಕರಾರಾಗಬಹುದು ಎಂದರು. ಅದಕ್ಕೆ ಜನ ಟ್ರಸ್ಟ್ ಮಾಡುತ್ತಾರೆ, ಟ್ರಸ್ಟಿಗಳೆಲ್ಲ ಕೋವಿ ಮುಟ್ಟಬಹುದು. ಆದರೆ 2016ರಿಂದ ಟ್ರಸ್ಟಿಗಳೆಲ್ಲರ ಬೆರಳಚ್ಚು, ಫೋಟೊ ಕೊಡಬೇಕು. ಅರ್ಜಿಯ ಪ್ರತಿ ಊರಿನ ಪೊಲೀಸ್ ಮುಖ್ಯಸ್ಥರಿಗೂ ಹೋಗಬೇಕು. "ನಮ್ಮ ಮದುವೆ ರಿಜಿಸ್ಟರ್ ಮಾಡಿಸೋಕೂ ಇಷ್ಟು ಓಡಾಡಿರಲಿಲ್ಲ ನೀವು" ಎನ್ನುತ್ತಲೇ ನನ್ನವಳು ಹತ್ತು ಬೆರಳನ್ನೂ ಒತ್ತಿದಳು. ಅವಳ ಅಚ್ಚು ಸ್ಪಷ್ಟವಾಗಿ ಬಂತು. ಕೀಬೋರ್ಡಿನಲ್ಲಿ ಸವೆದ ನನ್ನವು ಮಸುಕೆಂದು ಮತ್ತೆ ಒತ್ತಿಸಿಕೊಂಡರು.

ಟ್ರಸ್ಟಿಗೆ ಹೆಸರಿಡುವಾಗ ಇನ್ನೊಂದು ಸಂಗತಿ ತಿಳಿಯಿತು. ರೈಫಲ್ಲನ್ನು ಮೋಟಾಗಿಸಿದವನೇ ಕಾನೂನಿನ ಕಣ್ಣಲ್ಲಿ ಅದರ ತಯಾರಕ. ಹೆಸರು, ಊರು, ರಾಜ್ಯವನ್ನು ಕೋವಿಯ ಮೈಮೇಲೆ ಕೆತ್ತಿಸಬೇಕು. ಅಕ್ಷರ ಕನಿಷ್ಠ ಇಂಚಿನ ಹದಿನಾರರಲ್ಲೊಂದು ಪಾಲು ಎತ್ತರ, ಇಂಚಿನ ಸಾವಿರದಲ್ಲಿ ಮೂರು ಪಾಲು ಆಳ. ಊರು, ಅಜ್ಜ, ಅಪ್ಪ ಎಲ್ಲರನ್ನೂ ಹೊತ್ತ ನನ್ನ ಪೂರ್ತಿ ಹೆಸರು ಕೆತ್ತಲು ಬೇಕಾಗಿದ್ದದ್ದು ರೈಫಲ್ಲಲ್ಲ, ಫಿರಂಗಿ. ಕೊನೆಗೆ 'ತುಂಗಾ ಟ್ರಸ್ಟ್' ಎಂದಿಟ್ಟೆ.

ಈ ಸುದ್ದಿ ತೀರ್ಥಹಳ್ಳಿಗೆ ಅರ್ಧ ಮಾತ್ರ ಮುಟ್ಟಿತು. ಅಪ್ಪ ಫೋನು ಮಾಡಿದರು: "ಟ್ರಸ್ಟ್ ಮಾಡಿದ್ಯಂತೆ, ಸಂತೋಷ. ನಮ್ಮ ಶಾಲೆಗೊಂದು ಕೊಠಡಿ ಕಟ್ಟಿಸು ಮಾರಾಯ." ವಿಷಯ ಬಿಡಿಸಿ ಹೇಳಿದೆ. ಬೆಳೆ ರಕ್ಷಣೆಗೆಂದು ಜೋಡುನಳಿಗೆ ಕೋವಿ ಇಟ್ಟುಕೊಂಡು, ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿಟ್ಟು ಬರುವ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಳಿಗೆ ಕತ್ತರಿಸೋದಕ್ಕೆ ಲೈಸೆನ್ಸ್ ಬೇಕು ಅಂತ ಇಲ್ಲೂ ಕಾನೂನಿದೆ. ಆದ್ರೆ ಅದಕ್ಕೆ ಹೆಂಡತಿ ಬೆರಳಚ್ಚು ಕೊಡಿಸ್ದವ್ರನ್ನ ನಾ ಕಾಣೆ" ಎಂದರು. ಕಾನೂನಿನ ಮಾತು ನಿಜ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮು ಅದೇ.

ಒಪ್ಪಿಗೆ ಬಂತು, ಕೆತ್ತನೆಯಾಯಿತು, ಮೋಟು ನಳಿಗೆ ಕೂತಿತು. ಅಷ್ಟರಲ್ಲೇ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ದೊಡ್ಡ ಮಸೂದೆಯಲ್ಲಿ ಈ 200 ಡಾಲರ್ ತೆರಿಗೆ ಮುಂದಿನ ಜನವರಿಯಿಂದ ಸೊನ್ನೆ ಎಂದಾಯಿತು. ತೊಂಬತ್ತೊಂದು ವರ್ಷ ಕದಲದ ತೆರಿಗೆ ನಾನು ಕಟ್ಟುವುದನ್ನೇ ಕಾಯುತ್ತಿತ್ತೆಂದು ಕಾಣುತ್ತದೆ.

ಇನ್ನಾದರೂ ಬೇಟೆಯಾಡೋಣವೆಂದರೆ ಗೆಳೆಯ ನ್ಯೂಮೆಕ್ಸಿಕೋಗೆ ಕರೆದ. ನೋಂದಾಯಿಸಿದ ಮೋಟು ರೈಫಲ್ ರಾಜ್ಯದ ಗಡಿ ದಾಟಬೇಕಾದರೆ ಮೊದಲೇ ಎಟಿಎಫ್ ಅನುಮತಿ ಬೇಕು. ಅರ್ಜಿ ಹಾಕಲು ಹೊತ್ತಿರಲಿಲ್ಲ. ಮೋಟು ನಳಿಗೆ ಬಿಚ್ಚಿ ಮನೆಯಲ್ಲಿಟ್ಟೆ, ಹಳೆಯ 16 ಇಂಚಿನದನ್ನು ಸಿಕ್ಕಿಸಿಕೊಂಡು ಹೊರಟೆ. ಯಾವ ಅನುಮತಿಯೂ ಬೇಡದ ಪಿಸ್ತೂಲನ್ನು ಪಕ್ಕದಲ್ಲಿಟ್ಟುಕೊಂಡು ಗೆಳೆಯ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಿದ್ದ.

ನನ್ನ ತೀರ್ಪು ಇಷ್ಟು. ಎರಡೂ ಪಂಗಡ ಹೆದರುವುದು ಒಂದೇ ಕಾಗದಕ್ಕೆ: ಒಬ್ಬ ಅದು ಇಲ್ಲವಲ್ಲ ಎಂದು, ಇನ್ನೊಬ್ಬ ಅದರಲ್ಲಿ ತನ್ನ ಹೆಸರಿದೆಯಲ್ಲ ಎಂದು. 2026ರ ಜನವರಿ 1ರಿಂದ ಹೋಗಿದ್ದು ತೆರಿಗೆ ಮಾತ್ರ. ಬೆರಳಚ್ಚು, ಫೋಟೊ, ಕೆತ್ತನೆ, ಗಡಿ ದಾಟುವ ಅನುಮತಿ ಎಲ್ಲ ಹಾಗೆಯೇ ಇವೆ. ಟೆಕ್ಸಾಸಿನ ಕನ್ನಡ ಬಂಧುಗಳೇ, ಒಂದೇ ಊರಲ್ಲಿ ಬೇರೂರುವವರಾದರೆ ನೋಂದಾಯಿಸಿ, ಮೋಟು ಕೋವಿ ಹಗುರ, ಕೈಗೆ ಹಿತ. ಕೆಲಸ ಬದಲಿಸುತ್ತ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಎಂದು ತಿರುಗುವ ಜಾತಿಯವರಾದರೆ ಆ ಆಸೆಯನ್ನೇ ಬಿಡಿ: ಅಲ್ಲಿ ಸಾಮಾನ್ಯ ಜನರಿಗೆ ಮೋಟು ರೈಫಲ್ಲೇ ನಿಷಿದ್ಧ, ನಿಮ್ಮ ಟ್ರಸ್ಟಿನ ಹೆಸರು ಎಷ್ಟೇ ಪವಿತ್ರವಾಗಿದ್ದರೂ.