ಆಂಪ್‌ಭಾರ ಮೀಮಾಂಸೆ

ಶಾಸ್ತ್ರವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಇರಲೇಬೇಕು. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಲ್ಯಾಪ್ ಸ್ಟೀಲ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಂತಿಯ ಮೇಲೆ ಉಕ್ಕಿನ ಸರಳು ಜಾರಿಸುವವನು, ನಲವತ್ತು ದಾಟಿದವನು, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಇರುವವನು. ವಿಷಯ ಆಂಪ್ಲಿಫೈಯರ್. ಸಂಬಂಧ ಅದಕ್ಕೂ ಸೊಂಟಕ್ಕೂ ಇರುವಂಥದು. ಪ್ರಯೋಜನ ಬೆನ್ನುಮೂಳೆಯ ಮೋಕ್ಷ. ನೆಲಮಹಡಿಯವರಿಗೂ, ಸಾಮಾನು ಹೊರಲು ಆಳಿಟ್ಟುಕೊಂಡವರಿಗೂ ಇಲ್ಲಿ ಪ್ರವೇಶವಿಲ್ಲ.

ಮೊದಲು ಇತಿಹಾಸ. ಗಿಟಾರಿನ ಮೇಲೆ ಉಕ್ಕು ಜಾರಿಸುವ ಈ ಬಗೆಯನ್ನು 1880ರ ದಶಕದಲ್ಲಿ ಹವಾಯಿಯ ಓವಾಹು ದ್ವೀಪದ ಜೋಸೆಫ್ ಕೆಕುಕು ರೂಢಿಗೆ ತಂದನೆಂಬುದು ಬಹುಮತ. ಭಾರತದಲ್ಲಿ ಹುಟ್ಟಿ, ಹಡಗಿನವರ ಕೈಗೆ ಸಿಕ್ಕಿ ಹವಾಯಿ ಸೇರಿದ ಗೇಬ್ರಿಯಲ್ ಡೇವಿಯನ್ ಎಂಬಾತ ಅದಕ್ಕೂ ಮೊದಲೇ ಹೀಗೆ ನುಡಿಸುತ್ತಿದ್ದನೆಂಬ ಮಾತೂ ಇದೆ. ಹೀಗೆಯೇ ತಂತಿಯ ಮೇಲೆ ಜಾರಿಸಿ ನುಡಿಸುವ ಗೋಟುವಾದ್ಯ, ವಿಚಿತ್ರವೀಣೆಗಳನ್ನು ಕಂಡ ನಮ್ಮ ಪಂಡಿತರು ಇಷ್ಟು ಎಳೆ ಸಿಕ್ಕರೆ ಬಿಟ್ಟಾರೆಯೇ? ಎಲ್ಲವೂ ನಮ್ಮಲ್ಲೇ ಇತ್ತು ಎಂದು ಸಾಧಿಸಿಬಿಟ್ಟರು. ಹಾಗಾದರೆ ಆಂಪ್ ಹೊರುವ ಕರ್ಮವೂ ನಮ್ಮಲ್ಲೇ ಇತ್ತೇ ಎಂದು ಕೇಳಿದಾಗ ಮಾತ್ರ ಸಭೆ ನಿಶ್ಶಬ್ದ.

ಮುಂದಿನದರಲ್ಲಿ ವಿವಾದವಿಲ್ಲ. 1932ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ‘ಫ್ರೈಯಿಂಗ್ ಪ್ಯಾನ್’, ಅಂಗಡಿಯಲ್ಲಿ ಗೆದ್ದ ಮೊದಲ ಎಲೆಕ್ಟ್ರಿಕ್ ಗಿಟಾರ್; ಅದು ಲ್ಯಾಪ್ ಸ್ಟೀಲೇ. ಲಿಯೋ ಫೆಂಡರ್ ಮತ್ತು ಡಾಕ್ ಕಾಫ್‌ಮನ್ 1945ರ ಹೊತ್ತಿಗೆ ಲ್ಯಾಪ್ ಸ್ಟೀಲನ್ನೂ ಪುಟ್ಟ ಆಂಪನ್ನೂ ಜೋಡಿಯಾಗಿಯೇ ಮಾರುತ್ತಿದ್ದರು. ಒಂದು ಕೈಯಲ್ಲಿ ವಾದ್ಯ, ಇನ್ನೊಂದರಲ್ಲಿ ಆಂಪ್, ಬಾಯಲ್ಲಿ ಸಿಳ್ಳೆ. ಇದು ಕೃತಯುಗ. ಆಮೇಲೆ ಸಭಾಂಗಣ ದೊಡ್ಡದಾಯಿತು, ಡ್ರಮ್ಮಿನವನು ಜೋರಾದ, ಫೆಂಡರ್ ಟ್ವಿನ್ ರಿವರ್ಬ್ ಬಂತು: 85 ವ್ಯಾಟ್, 12 ಇಂಚಿನ ಎರಡು ಸ್ಪೀಕರ್, ಸುಮಾರು 29 ಕಿಲೋ. ಮೂರ್ನಾಲ್ಕು ಕಿಲೋ ವಾದ್ಯಕ್ಕೆ ಇಷ್ಟು ತೂಕದ ಕಂಠ. ಇದು ಕಲಿಯುಗ.

ಈ ಭಾರದ ಮೂಲ ಕಬ್ಬಿಣ. ಇಂಥ ಆಂಪಿನಲ್ಲಿ ದನಿ ಹೆಚ್ಚಿಸುವ ಗಾಜಿನ ನಳಿಕೆಗೆ ವಾಲ್ವು ಎಂದು ಹೆಸರು. ಅದರಿಂದ ಬರುವ ವಿದ್ಯುತ್ತನ್ನು ಸ್ಪೀಕರಿಗೆ ನೇರ ಕೊಡುವಂತಿಲ್ಲ; ನಡುವೆ ಹೊಂದಿಸಿಕೊಡಲು ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಕು. ವಾಲ್ವಿಗೆ ನೂರಾರು ವೋಲ್ಟ್ ಒದಗಿಸಲು ಇನ್ನೊಂದು ಟ್ರಾನ್ಸ್‌ಫಾರ್ಮರ್. ಸ್ಪೀಕರಿನ ಬೆನ್ನಿಗೆ ಸೆರಾಮಿಕ್ ಅಯಸ್ಕಾಂತದ ಚಕ್ರ. ಮರದ ಪೆಟ್ಟಿಗೆ ಬೇರೆ.

ಪರಿಹಾರದ ವಿಚಾರದಲ್ಲಿ ಮೂರು ದರ್ಶನಗಳಿವೆ.

ತತ್ತ್ವವಾದಿಗಳಿಗೆ ವಾಲ್ವು ಸತ್ಯ, ಅದರ ಕೆಂಪು ಸತ್ಯ, ತೂಕವೂ ಪರಮ ಸತ್ಯ. ಭಾರವಿಲ್ಲದೆ ನಾದವಿಲ್ಲ ಎನ್ನುವ ಇವರಲ್ಲಿ ಬಹುಪಾಲು ಜನ ಕುಳಿತೇ ವಾದಿಸುತ್ತಾರೆ. ಎದ್ದು ನಿಲ್ಲುವುದು ಸುಲಭವಲ್ಲ.

ಮಾಯಾವಾದಿಗಳ ಪ್ರಕಾರ ಒಳಗೆ ವಾಲ್ವೇ ಇಲ್ಲ, ವಾಲ್ವಿನ ದನಿ ಮಾತ್ರ ಕೇಳುತ್ತದೆ. ಹಗ್ಗದಲ್ಲಿ ಹಾವು ತೋರಿದ ಹಾಗೆ. ವಾಲ್ವಿನ ನಡತೆಯನ್ನು ಕಂಪ್ಯೂಟರ್ ಚಿಪ್ಪು ಲೆಕ್ಕಹಾಕಿ ಅನುಕರಿಸುತ್ತದೆ. ತಮಾಷೆಯೆಂದರೆ, 2019ರಲ್ಲಿ ಫೆಂಡರ್ ಕಂಪನಿಯೇ ಮತಾಂತರಗೊಂಡಿತು. ಅದರ ಟೋನ್ ಮಾಸ್ಟರ್ ಟ್ವಿನ್ ರಿವರ್ಬ್ ನೋಡಲು ಹಳೆಯದರ ಪಡಿಯಚ್ಚು, ತೂಕ ಮಾತ್ರ ಸುಮಾರು 15 ಕಿಲೋ.

ಮೂರನೆಯವರು ಶಿರಶ್ಛೇದವಾದಿಗಳು. ಆಂಪಿನ ತಲೆಯನ್ನು ಸ್ಪೀಕರ್ ಪೆಟ್ಟಿಗೆಯಿಂದ ಬೇರ್ಪಡಿಸಿದರೆ ಭಾರ ಇಳಿಯುತ್ತದೆ ಎನ್ನುತ್ತಾರೆ. ಒಟ್ಟು ತೂಕ ಅಷ್ಟೇ ಇರುತ್ತದೆ, ಮೆಟ್ಟಿಲು ಹತ್ತುವುದು ಎರಡು ಸಲ ಆಗುತ್ತದೆ.

ಇಲ್ಲಿ ಪೂರ್ವಪಕ್ಷ: ಇಷ್ಟೆಲ್ಲ ಏಕೆ, ಐದು ವ್ಯಾಟಿನ ಪುಟಾಣಿ ಆಂಪ್ ಸಾಲದೇ? ಮನೆಯಲ್ಲಿ ಸಾಕು, ವಾದ್ಯಗೋಷ್ಠಿಯಲ್ಲಿ ಸಾಲದು; ಅಲ್ಲಿ ಜೋರು ಮಾಡಿದರೆ ದನಿ ಒಡೆಯುತ್ತದೆ. ರಾಕ್ ಗಿಟಾರಿನವನಿಗೆ ದನಿ ಒಡೆದಷ್ಟೂ ಆನಂದ. ಲ್ಯಾಪ್ ಸ್ಟೀಲಿನ ಹೆಸರಾಂತ ಸಿ-ಸಿಕ್ಸ್ತ್ ಶ್ರುತಿಯಲ್ಲಾದರೋ ಷಡ್ಜ, ಗಾಂಧಾರ, ಪಂಚಮ, ಧೈವತಗಳು ಒಂದೇ ಏಟಿಗೆ ಮಿಡಿಯುತ್ತವೆ. ದನಿ ಒಡೆದರೆ ನಾಲ್ಕೂ ಕಲಸಿ ಬಿಸಿಬೇಳೆಬಾತ್. ಇದಲ್ಲದೆ ಅನೇಕರು ಕಾಲಡಿ ವಾಲ್ಯೂಮ್ ಪೆಡಲ್ ಇಟ್ಟುಕೊಳ್ಳುತ್ತಾರೆ. ಮೀಟುವಾಗ ಅದನ್ನು ಅರ್ಧಕ್ಕೇ ಹಿಡಿದು, ಸ್ವರ ಸಾಯುತ್ತ ಬಂದಂತೆ ಮೆಲ್ಲನೆ ಒತ್ತಿ ಅದರ ಆಯುಷ್ಯ ಬೆಳೆಸುವುದೇ ಈ ವಿದ್ಯೆಯ ಗುಟ್ಟು. ಒತ್ತಿದಾಗ ಕೊಡಲು ಆಂಪಿನಲ್ಲಿ ಶಕ್ತಿ ಮಿಕ್ಕಿರಬೇಕು.

ಹಾಗೆಂದು ವ್ಯಾಟಿನ ಅಂಕಿಗೆ ಮರುಳಾಗುವುದೂ ಅವಿದ್ಯೆಯೇ. ವ್ಯಾಟ್ ದುಪ್ಪಟ್ಟಾದರೆ ಹೆಚ್ಚುವುದು ಮೂರು ಡೆಸಿಬೆಲ್ ಮಾತ್ರ; ಕಿವಿಗೆ ದುಪ್ಪಟ್ಟು ಎನಿಸಲು ಸುಮಾರು ಹತ್ತರಷ್ಟು ವ್ಯಾಟ್ ಬೇಕು. 97 ಡೆಸಿಬೆಲ್ ಸಂವೇದನೆಯ ಸ್ಪೀಕರ್ ತೆಗೆದು 100ರದ್ದು ಹಾಕಿದರೂ ಅದೇ ಮೂರು ಡೆಸಿಬೆಲ್ ದಕ್ಕುತ್ತದೆ. ಅದಕ್ಕೆ ವಿದ್ಯುತ್ ಬಿಲ್ಲೂ ಇಲ್ಲ, ಟ್ರಾನ್ಸ್‌ಫಾರ್ಮರೂ ಇಲ್ಲ. ಕ್ಯಾಟಲಾಗಿನಲ್ಲಿ ಸಂವೇದನೆಯ ಸಾಲನ್ನು ಯಾರೂ ಓದುವುದಿಲ್ಲ, ಅದನ್ನು ಚಿಕ್ಕ ಅಕ್ಷರದಲ್ಲಿ ಹಾಕಿರುತ್ತಾರೆ.

ಸಿದ್ಧಾಂತ ಹೀಗಿದೆ. ಆಂಪ್ ಕ್ಲಾಸ್ ಡಿ ಜಾತಿಯದಿರಲಿ. ಅದರ ಟ್ರಾನ್ಸಿಸ್ಟರುಗಳು ಪೂರ್ತಿ ಆನ್ ಇಲ್ಲವೇ ಪೂರ್ತಿ ಆಫ್. ನಡುದಾರಿಯಲ್ಲಿ ನಿಂತು ಬಿಸಿಯಾಗುವುದು ಕಡಿಮೆ, ಹಾಗಾಗಿ ಶಾಖ ಹೀರುವ ಲೋಹವೂ ಕಡಿಮೆ. ವಿದ್ಯುತ್ ಪೂರೈಕೆಗೆ ಮೊಬೈಲ್ ಚಾರ್ಜರಿನ ತಂತ್ರವೇ ಸಾಕು, ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಡ. ಸ್ಪೀಕರ್ 12 ಇಂಚಿನದು ಒಂದೇ, ಹಗುರವಾದ ನಿಯೋಡೈಮಿಯಮ್ ಅಯಸ್ಕಾಂತದ್ದು. ಐವತ್ತರಿಂದ ನೂರು ವ್ಯಾಟ್. ತೂಕ ಹತ್ತು ಕಿಲೋ ಆಸುಪಾಸು. ತತ್ತ್ವವಾದಿಗಳು ಒಪ್ಪುವುದಿಲ್ಲ, ಅವರ ಆಂಪನ್ನು ಅವರೇ ಹೊರಲಿ.

ಕೊಳ್ಳುವಾಗ ಸ್ವಂತ ವಾದ್ಯ ಒಯ್ಯಿರಿ. ಮೊದಲನೇ ತಂತಿಯಲ್ಲಿ ಹನ್ನೆರಡನೇ ಮನೆ ದಾಟಿ ಸರಳು ಜಾರಿಸಿ ನೋಡಿ. ಟ್ರೆಬಲ್ ತಗ್ಗಿಸಿದ ಮೇಲೂ ಚೀರಿದರೆ ಅದು ಬೇಡ. ಚೀರದಿದ್ದರೆ ಎತ್ತಿಕೊಂಡು ಅಂಗಡಿಯ ಮೆಟ್ಟಿಲನ್ನು ಮೂರು ಸಲ ಹತ್ತಿಳಿಯಿರಿ. ಕಳ್ಳನೆಂದು ಅಂಗಡಿಯವನು ಹಿಡಿದುಕೊಂಡರೆ ಈ ಪ್ರಬಂಧ ತೋರಿಸಿ, ಬಿಲ್ಲು ಮಾತ್ರ ನೀವೇ ಕಟ್ಟಿ.