ಡೇಟಾಬೇಸಿಗೊಂದು ಚಕ್ಕಲಿ ಒರಳು

ವಿಜಯನಗರದಲ್ಲಿ ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದ ಮಹಡಿಯಲ್ಲೀಗ ಕಂಪ್ಯೂಟರ್ ಕ್ಲಾಸು. ಬಸವೇಶ್ವರನಗರದ ನಮ್ಮಕ್ಕನ ಮಗ ಅಲ್ಲಿ ಪಿಎಚ್‌ಪಿ ಕಲಿಯುತ್ತಿದ್ದಾನೆ. ಮೊದಮೊದಲು ಪ್ರತಿ ಪುಟದಲ್ಲೂ ಡೇಟಾಬೇಸಿನ ಹೆಸರು, ಯೂಸರ್‌ನೇಮು, ಪಾಸ್‌ವರ್ಡು ಬರೆಯುತ್ತಿದ್ದ. ಪಾಸ್‌ವರ್ಡ್ ಬದಲಾದ ದಿನ ಇದ್ದಬದ್ದ ಫೈಲುಗಳನ್ನೆಲ್ಲ ತಿದ್ದುತ್ತ ಕೂತ. ಈಗ ಒಂದೇ ಕ್ಲಾಸ್ ಬರೆದಿಟ್ಟು, ಅದರಿಂದ ಆಬ್ಜೆಕ್ಟ್ ಮಾಡಿಕೊಂಡು ಎಲ್ಲ ಕಡೆಯಿಂದಲೂ ಅದನ್ನೇ ಕರೆಯುತ್ತಾನೆ. ಕರೆದಾಗ ಅವನೇ ಬರುವುದಿಲ್ಲ, ಅದು ಬೇರೆ ಮಾತು.

"ಏನೋ ಅದು ಆಬ್ಜೆಕ್ಟು?" ಅಂದಳು ಅಕ್ಕ, ಗೋಕುಲಾಷ್ಟಮಿಗೆ ಚಕ್ಕಲಿ ಒತ್ತುತ್ತಾ.

"ನಿನ್ನ ಕೈಲಿರೋದೇ ಅಮ್ಮ! ಒರಳು ಒಂದೇ. ಬಿಲ್ಲೆ ಬದಲಾಯಿಸಿದ್ರೆ ಚಕ್ಕಲಿ, ಖಾರಾಸೇವೆ, ಶಾವಿಗೆ. 2005ರಲ್ಲಿ ಪಿಎಚ್‌ಪಿ 5.1 ಜತೆ ಬಂದ ಪಿಡಿಒ, ಅಂದ್ರೆ ಪಿಎಚ್‌ಪಿ ಡೇಟಾ ಆಬ್ಜೆಕ್ಟ್ಸ್, ಅದೂ ಹಾಗೇ. ಡ್ರೈವರ್ ಬದಲಾಯಿಸಿದ್ರೆ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್."

"ಹಿಟ್ಟು ಮಾತ್ರ ಅದೇನಾ?"

ಹುಡುಗ ತೆಪ್ಪಗಾದ. ಅಕ್ಕ ಹಿಡಿದದ್ದು ಸರಿಯಾದ ಜುಟ್ಟನ್ನೇ. ಚಕ್ಕಲಿ ಹಿಟ್ಟು ಶಾವಿಗೆಗೆ ಆದೀತೇ? ಪಿಡಿಒ ಕರೆಯುವ ರೀತಿಯನ್ನು ಒಂದಾಗಿಸುತ್ತದೆಯೇ ಹೊರತು ಒಂದು ಡೇಟಾಬೇಸಿಗೆ ಬರೆದ ಎಸ್‌ಕ್ಯೂಎಲ್ಲನ್ನು ಇನ್ನೊಂದಕ್ಕೆ ಒಗ್ಗುವಂತೆ ತಿದ್ದಿಕೊಡುವುದಿಲ್ಲ. ಹಾಗಂತ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್ನುಗಳಿಗೆ ಜೋತುಬೀಳುವಂತೆಯೂ ಇಲ್ಲ. 2015ರಲ್ಲಿ ಪಿಎಚ್‌ಪಿ 7 ಅವನ್ನು ಮುಲಾಜಿಲ್ಲದೆ ಕಿತ್ತುಹಾಕಿತು.

ಅಷ್ಟರಲ್ಲಿ ಪೇಪರ್ ಹಿಂದಿನಿಂದ ಭಾವನ ದನಿ: "ಒಂದ್ಸಲ ಬರೆದ್ರೆ ಮತ್ತೆ ಬರೆಯೋದೇ ಬೇಡ ಅಂತೀಯಲ್ಲ, ಹಾಗಾದ್ರೆ ತಿಂಗಳಾ ತಿಂಗಳಾ ಫೀಸ್ ಯಾಕೋ ಕೇಳ್ತಾರೆ?"