ಎಕ್ಸೆಲ್ ರಾಯರು

ಅಕೌಂಟ್ಸ್ ಸೆಕ್ಷನ್ ಇದ್ದಲ್ಲೆಲ್ಲ ಒಬ್ಬರು ಎಕ್ಸೆಲ್ ರಾಯರು ಇದ್ದೇ ಇರುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಬೇರೇನೋ ಇರುತ್ತದೆ, ಅದು ಸಂಬಳದ ದಿನಕ್ಕೆ ಮಾತ್ರ. ಜೇಬಿನಲ್ಲಿ ಎರಡು ಪೆನ್ನು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಮೌಸ್ ಮುಟ್ಟಿದರೆ ಮೈಲಿಗೆ. ಏನಿದ್ದರೂ ಕೀಬೋರ್ಡೇ.

ನವೆಂಬರ್ 19ರ ಸಂಜೆ. ಮಾರನೇ ದಿನ ಜಿಎಸ್‌ಟಿ ರಿಟರ್ನಿಗೆ ಕೊನೇ ತಾರೀಖು. ಹೊಸದಾಗಿ ಸೇರಿದ ಹುಡುಗಿ ಅಳುಮೋರೆ ಹಾಕಿಕೊಂಡು ಬರುತ್ತಾಳೆ.

“ಸಾರ್, ಮಾಸ್ಟರ್ ಶೀಟಲ್ಲಿ ‘ರೇಟ್’ 5 ಅಂತಲೇ ಇದೆ. ಅಕ್ಟೋಬರ್ ಶೀಟ್ ಮಾತ್ರ ಹಳೇ 12 ಹಾಕ್ಕೊಂಡು ಕೂಡ್ತಿದೆ. ಎರರ್ರೂ ತೋರಿಸ್ತಿಲ್ಲ.”

ರಾಯರ ಮುಖ ಅರಳುತ್ತದೆ. ಎರರ್ ತೋರಿಸುವ ತಪ್ಪನ್ನು ಯಾರು ಬೇಕಾದರೂ ಸರಿಮಾಡುತ್ತಾರೆ, ಅದಕ್ಕೆ ರಾಯರೇಕೆ? ಕುರ್ಚಿ ಎಳೆದುಕೊಂಡು ಕಂಟ್ರೋಲ್ ಎಫ್3 ಒತ್ತುತ್ತಾರೆ. ನೇಮ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ‘ರೇಟ್’ ಎರಡು ಸಾಲಿನಲ್ಲಿದೆ. ಒಂದರ ಸ್ಕೋಪ್ ವರ್ಕ್‌ಬುಕ್, ಇನ್ನೊಂದರದು ಅಕ್ಟೋಬರ್.

“ಊರಿಗೆಲ್ಲ ಗೊತ್ತಿರೋ ಮಂಜುನಾಥ ಒಬ್ಬ, ನಿಮ್ಮನೇಲೂ ಮಂಜುನಾಥ ಒಬ್ಬ ಇದಾನೆ ಅಂತಿಟ್ಕೋಮ್ಮ. ನೀನು ಅಡುಗೆಮನೇಲಿ ನಿಂತು ‘ಮಂಜಾ’ ಅಂದ್ರೆ ಯಾರು ಓಗೊಡ್ತಾನೆ?”

“ನಮ್ಮನೆಯವನು ಸಾರ್.”

“ಅಷ್ಟೇ! ಮಾಸ್ಟರ್ ಶೀಟನ್ನ ಯಾರೋ ಇದೇ ಫೈಲಲ್ಲಿ ಕಾಪಿ ಮಾಡಿದಾರೆ. ಹೆಸರೂ ಜೊತೇಲೇ ಬಂದು ಆ ಶೀಟಿಗಷ್ಟೇ ಇನ್ನೊಂದು ‘ರೇಟ್’ ಹುಟ್ಟಿದೆ. ನೀವು ಮಾಸ್ಟರಲ್ಲಿ 5 ಮಾಡಿದ್ರಿ, ಇದು 12ರಲ್ಲೇ ಉಳೀತು.”

ಆ ಮರಿ ‘ರೇಟ್’ ಅಳಿಸಿ, ಸೂತ್ರದ ಸೆಲ್ಲಿನಲ್ಲಿ ಎಫ್2, ಎಂಟರ್ ಒತ್ತಿ ಒಮ್ಮೆ ನೋಡಿದರೆ ಮುಗಿಯಿತು. ಆದರೆ ಮುಗಿಸಿಬಿಟ್ಟರೆ ರಾಯರು ರಾಯರೇ ಅಲ್ಲ. ಅಳಿಸುವ ಮುನ್ನ ಪ್ರವಚನ ಆಗಬೇಕು. ಸ್ಕೋಪನ್ನು ಆಮೇಲೆ ತಿದ್ದಲು ಬರುವುದಿಲ್ಲ, ಹೆಸರನ್ನೇ ಅಳಿಸಿ ಹೊಸದು ಇಡಬೇಕು. ಬೇರೆ ಫೈಲಿಂದ ಶೀಟ್ ತಂದಾಗ ‘ಈ ಹೆಸರು ಆಗಲೇ ಇದೆ’ ಅಂತ ಕೇಳುತ್ತಲ್ಲ, ಅಲ್ಲಿ ಓದದೆ ಎಸ್ ಎಸ್ ಅಂತ ಕುಟ್ಟುವವರಿಗೆ ಇನ್‌ಕ್ರಿಮೆಂಟೇ ಕೊಡಬಾರದು.

“ರೇಟಿಗೆ ಜಿಎಸ್‌ಟಿ5 ಅಂತ ಹೆಸರಿಡಬಹುದಿತ್ತಲ್ವಾ ಸಾರ್?” ಹುಡುಗಿ ಕೇಳಬಾರದ ಪ್ರಶ್ನೆ ಕೇಳಿಬಿಡುತ್ತಾಳೆ.

ಕಾಫಿಗೆ ಹೇಳಿಕಳಿಸಲಾಗುತ್ತದೆ. 2007ಕ್ಕೆ ಮುಂಚೆ ಶೀಟಿನಲ್ಲಿ 256 ಕಾಲಂ ಇತ್ತು, ಐವಿಗೆ ನಿಲ್ಲುತ್ತಿತ್ತು. ಆಮೇಲೆ 16,384 ಆಗಿ ಎಕ್ಸ್‌ಎಫ್‌ಡಿವರೆಗೆ ಬೆಳೆಯಿತು. ನಡುವೆ ಜಿಎಸ್‌ಟಿ ಅನ್ನುವ ಕಾಲಮ್ಮೇ ಇದೆ, ಟಿಡಿಎಸ್ಸೂ ಇದೆ. ಜಿಎಸ್‌ಟಿ5 ಅಂದರೆ ಆ ಕಾಲಮ್ಮಿನ ಐದನೇ ಸೆಲ್ಲು, ಅದು ಹೆಸರಾಗಲಾರದು. “ಸರ್ಕಾರ 2017ರಲ್ಲಿ ತಂದಿದ್ದನ್ನ ಇವರು ಹತ್ತು ವರ್ಷ ಮುಂಚೇನೇ ಬರೆದಿಟ್ಟಿದ್ರು ನೋಡು” ಎಂದು ರಾಯರು ಪರಮಾನಂದದಿಂದ ಕಾಫಿ ಹೀರುತ್ತಾರೆ. ಹುಡುಗಿ ಗಡಿಯಾರ ನೋಡುತ್ತಾಳೆ.

ಕೊನೆಯ ಅಧ್ಯಾಯ ವಿಚಾರಣೆ. ತಪ್ಪು ಸಿಕ್ಕರೆ ಸಾಲದು, ತಪ್ಪಿತಸ್ಥ ಸಿಗಬೇಕು. “ದರ ಇಳಿದಿದ್ದು ಸೆಪ್ಟೆಂಬರ್ 22, 2025. ಅದಕ್ಕೂ ಮುಂಚೆ ಅಕ್ಟೋಬರ್ ಶೀಟ್ ಮಾಡಿಟ್ಟ ಆ ಮಹಾ ಬುದ್ಧಿವಂತ ಯಾರು? ಇವತ್ತು ಹೆಸರು ಹಿಡಿದೇ ಕೇಳ್ತೀನಿ” ಎಂದು ಇಡೀ ಸೆಕ್ಷನ್ನಿಗೆ ಕೇಳಿಸುವಂತೆ ಗುಡುಗಿ, ವರ್ಷನ್ ಹಿಸ್ಟರಿ ತೆರೆಯುತ್ತಾರೆ. ಎಲ್ಲರೂ ಕೈಲಿದ್ದ ಕೆಲಸ ಬಿಟ್ಟು ಕತ್ತು ಚಾಚುತ್ತಾರೆ. ಕನ್ನಡಕ ಮೂಗಿನ ತುದಿಗೆ ಇಳಿಯುತ್ತದೆ. ಆಗಸ್ಟ್. ಮಧ್ಯಾಹ್ನ. ಜನರಲ್ ಮ್ಯಾನೇಜರ್ ಸಾಹೇಬರು.

ರಾಯರು ಕಿಟಕಿ ಮುಚ್ಚಿ, ಮರಿ ‘ರೇಟ್’ ಅಳಿಸಿ, ಫೈಲ್ ಸೇವ್ ಮಾಡುತ್ತಾರೆ.

“ಯಾರು ಸಾರ್?”

“ಯಾರೂ ಅಲ್ಲಮ್ಮ. ಈ ಸಾಫ್ಟ್‌ವೇರ್ ಇದೆಯಲ್ಲ, ಒಂದೊಂದ್ಸಲ ತಾನೇ ಕಾಪಿ ಮಾಡ್ಕೊಂಡ್‌ಬಿಡತ್ತೆ.”